ಮೆಣಸಿನ ದುಡ್ಡಿನ ಮನೆ

ನನಗೆ ಚೌಕಾಸಿ ಮಾಡಲು ಬರುತ್ತದೆ. ಸಂತೆಯಲ್ಲಿ ಸೊಪ್ಪಿನವಳ ಹತ್ತಿರ ಎರಡು ಕಟ್ಟಿಗೆ ಇನ್ನೊಂದು ಕಟ್ಟು ಕೊಸರು ಹಾಕಿಸಿಕೊಳ್ಳಲು ಬರುತ್ತದೆ. ಆಳುಗಳು ಕೆಲಸ ಬಿಟ್ಟು ಹರಟುತ್ತ ಕೂತರೆ ಗದರಲು ಬರುತ್ತದೆ. ಯಜಮಾನರನ್ನು ಗದರಲಂತೂ ಇನ್ನೂ ಚೆನ್ನಾಗಿ ಬರುತ್ತದೆ. ಬಾರದ ವಿದ್ಯೆ ಒಂದೇ. ನನಗೆ ನ್ಯಾಯವಾಗಿ ಬರಬೇಕಾದ ದುಡ್ಡನ್ನು ಕೊಡಿ ಎಂದು ಕೇಳುವುದು. ಆ ಮಾತು ಎದೆಯಿಂದ ಗಂಟಲಿನವರೆಗೆ ಸರಿಯಾಗಿಯೇ ಬರುತ್ತದೆ, ಅಲ್ಲಿಂದಾಚೆಗೆ ‘ಮನೇಲಿ ಎಲ್ಲಾ ಚೆನ್ನಾಗಿದೀರಾ’ ಎಂದಾಗಿ ಹೊರಬೀಳುತ್ತದೆ. ಇಂಥ ಗಂಟಲಿನ ಹೆಂಗಸು ಮಾಡಬಾರದ ಕೆಲಸವೊಂದಿದ್ದರೆ ಅದು ಮನೆ ಕೊಂಡು ಬಾಡಿಗೆಗೆ ಕೊಡುವುದು. ನಾನು ಅದನ್ನೇ ಮಾಡಿದೆ.

ನಮ್ಮದು ಹಾನುಬಾಳಿನ ಹತ್ತಿರ ಕಾಫಿ ತೋಟ. ಎಷ್ಟು ದೊಡ್ಡದು ಎಂದರೆ, ಯಾರಾದರೂ ‘ಎಸ್ಟೇಟಾ?’ ಎಂದು ಕೇಳಿದರೆ ಯಜಮಾನರು ನಾಚಿಕೊಂಡು ‘ಛೇ, ತೋಟ’ ಎನ್ನುತ್ತಾರೆ, ‘ತೋಟವಾ?’ ಎಂದರೆ ನಾನು ‘ಎಸ್ಟೇಟು’ ಎನ್ನುತ್ತೇನೆ. ಅಷ್ಟು. ಮನೆಯಲ್ಲಿ ಅತ್ತೆಯವರ ಕಾಲದಿಂದ ಒಂದು ಕಟ್ಟಳೆ ನಡೆದುಬಂದಿತ್ತು: ಕಾಫಿಯ ದುಡ್ಡು ಗಂಡಸರದು, ಮೆಣಸಿನ ದುಡ್ಡು ಹೆಂಗಸರದು. ಕಾಳುಮೆಣಸಿಗೆ ಬೆಲೆಯೇ ಇಲ್ಲದಿದ್ದ ಕಾಲದಲ್ಲಿ, ಹೆಂಗಸರು ಉಪ್ಪು ಸೀಗೆಪುಡಿಗೆ ಕೈಚಾಚುವುದು ಬೇಡ ಎಂದು ಯಾರೋ ಹಿರಿಯರು ಉದಾರವಾಗಿ ಮಾಡಿಟ್ಟ ಏರ್ಪಾಡು. ಆ ಹಿರಿಯರಿಗೆ ಮುಂದೆ ಬರುವುದು ಗೊತ್ತಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಂತೆ ಮೆಣಸಿನ ಬೆಲೆ ಏರತೊಡಗಿತು. ಇವತ್ತಿನ ಬೆಲೆ ಕೇಳಿ ನಾಳೆ ಮಾರೋಣ ಎಂದವರು ನಾಳೆ ಇನ್ನೂ ಹೆಚ್ಚು ಬೆಲೆಗೆ ಮಾರಿದರು. ನಮ್ಮ ಮನೆಯ ಗಂಡಸರಿಗೆ ಕಟ್ಟಳೆಯನ್ನು ಒಂಚೂರು ತಿದ್ದಿದರೆ ಹೇಗೆ ಎನ್ನಿಸಿತು. ಆದರೆ ಅತ್ತೆ ಆಗ ಗಟ್ಟಿಮುಟ್ಟಾಗಿದ್ದರು. ‘ಬೆಲೆ ಇಲ್ದಾಗ ಹೆಂಗಸ್ರುದು, ಬೆಲೆ ಬಂದಾಗ ನಿಮ್ದಾ?’ ಎಂದು ಒಂದೇ ಮಾತಿನಲ್ಲಿ ತಿದ್ದುಪಡಿಯನ್ನು ಬೀಳಿಸಿದರು.

ಕೈಯಲ್ಲಿ ದುಡ್ಡಿದ್ದರೆ ಬುದ್ಧಿ ಹೇಳುವವರು ತಾವಾಗಿ ಬರುತ್ತಾರೆ. ಚಿಕ್ಕಮ್ಮ ಬಂಗಾರ ತಗೋ ಎಂದರು. ನೆಂಟರೊಬ್ಬರು ಚೀಟಿಗೆ ಹಾಕು ಎಂದರು. ಚೀಟಿ ನಡೆಸುತ್ತಿದ್ದವರು ಅವರೇ. ಯಜಮಾನರದು ಬ್ಯಾಂಕಿನ ಪಕ್ಷ. ಡಿಪಾಸಿಟ್ಟು ಇಟ್ಟರೆ ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ, ಅಸಲು ಅಲ್ಲೇ ಇರುತ್ತದೆ, ರಾತ್ರಿ ನಿದ್ದೆ ಬರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನನಗೆ ಬೇಕಾಗಿದ್ದದ್ದು ಮನೆ. ಯಾಕೆ ಎಂದರೆ ಆಗ ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಹುಟ್ಟಿದ್ದು ಅಪ್ಪನ ಮನೆಯಲ್ಲಿ, ಬಂದದ್ದು ಗಂಡನ ಮನೆಗೆ, ಇನ್ನು ಮುದುಕಿಯಾದ ಮೇಲೆ ಅದಕ್ಕೇ ಮಗನ ಮನೆ ಎಂದು ಹೆಸರಾಗುತ್ತದೆ. ನನ್ನ ಮನೆ ಎಂದು ಬಾಯಿತುಂಬ ಹೇಳಲು ಎಲ್ಲಾದರೂ ನಾಲ್ಕು ಗೋಡೆ ಇರಲಿ, ಅದರಲ್ಲಿ ನಾನು ಇರದಿದ್ದರೂ ಪರವಾಗಿಲ್ಲ ಎನ್ನಿಸಿತ್ತು.

ಮೆಣಸಿನ ಬಳ್ಳಿಯನ್ನು ನೀವು ನೋಡಿರಬಹುದು. ಅದಕ್ಕೆ ಸ್ವಂತ ಕಾಲಿಲ್ಲ. ಸಿಲ್ವರ್ ಮರವನ್ನೋ ಹಲಸಿನ ಮರವನ್ನೋ ತಬ್ಬಿಕೊಂಡು ಮೇಲೇರುತ್ತದೆ, ಅದರ ಮೇಲೆಯೇ ಚಿಗುರುತ್ತದೆ, ಗೊನೆ ಬಿಡುತ್ತದೆ. ಮರ ಅದರ ಹತ್ತಿರ ಬಾಡಿಗೆ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಹೀಗೆ ಜೀವಮಾನವೆಲ್ಲ ಪುಕ್ಕಟೆ ಬಿಡಾರದಲ್ಲಿದ್ದ ಬಳ್ಳಿಯ ದುಡಿಮೆಯಿಂದ ನಾನು ಬಾಡಿಗೆಗೆ ಕೊಡುವ ಮನೆ ಕೊಳ್ಳಲು ಹೊರಟಿದ್ದೆ. ಶಕುನ ಕಣ್ಣೆದುರಿಗೇ ನೇತಾಡುತ್ತಿದ್ದರೂ ನನಗೆ ತಿಳಿಯಲಿಲ್ಲ.

ಮನೆ ಸಿಕ್ಕಿದ್ದು ಸಕಲೇಶಪುರದಲ್ಲಿ, ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ. ಹೆಂಚಿನ ಮನೆ, ಮುಂದೆ ಒಂದು ಜಗಲಿ, ಹಿಂದೆ ಒಂದು ಕರಿಬೇವಿನ ಗಿಡ. ಮಾರುವವರು ನಿವೃತ್ತ ಮೇಷ್ಟ್ರು, ಮಗಳ ಊರಿಗೆ ಹೋಗಿ ಇರುವವರಿದ್ದರು. ಅವರು ಹೇಳಿದ ಬೆಲೆಗೂ ನಾವು ಕೇಳಿದ ಬೆಲೆಗೂ ನಡುವೆ ಮೂರು ಸಲ ಕಾಫಿ ಬಂತು. ಚೌಕಾಸಿ ನನಗೆ ಬರುತ್ತದೆ ಎಂದೆನಲ್ಲ, ಅಲ್ಲಿ ಏನೂ ಕಷ್ಟವಾಗಲಿಲ್ಲ. ಕಷ್ಟ ಬಂದದ್ದು ಪತ್ರ ಬರೆಯುವವರ ಮುಂದೆ. ಅವರು ಕನ್ನಡಕ ಮೇಲೇರಿಸಿ ‘ಎಷ್ಟು ಅಂತ ಬರೀಲಮ್ಮ?’ ಎಂದು ಕೇಳಿದರು. ಎಷ್ಟು ಕೊಟ್ಟೆವೋ ಅಷ್ಟು ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ಬಹಳ ಕನಿಕರದಿಂದ ನೋಡಿದರು. ಆಮೇಲೆ ತಿಳಿಯಿತು, ಕೊಡುವುದು ಒಂದು, ಬರೆಸುವುದು ಅದರಲ್ಲಿ ಅರ್ಧ, ಹಾಗೆ ಮಾಡಿದರೆ ಸ್ಟಾಂಪಿನ ದುಡ್ಡು ಉಳಿಯುತ್ತದೆ, ಎಲ್ಲರೂ ಮಾಡುವುದು ಹೀಗೆಯೇ. ಯಜಮಾನರು ಮೇಜಿನ ಕೆಳಗೆ ನನ್ನ ಕೈ ಚಿವುಟಿದರು. ನಾನು ಜಗ್ಗಲಿಲ್ಲ. ಇದನ್ನು ಪ್ರಾಮಾಣಿಕತೆ ಎಂದು ಮೆಚ್ಚಬೇಡಿ, ನನ್ನ ಜಂಬ. ಜೀವನದಲ್ಲಿ ಒಂದೇ ಒಂದು ಮನೆ ನನ್ನ ಹೆಸರಿಗೆ ಆಗುತ್ತಿದೆ, ಅದು ಅರ್ಧ ಬೆಲೆಯದು ಎಂದು ಸರ್ಕಾರದ ಕಾಗದದಲ್ಲಿ ಬರೆಸಿಕೊಳ್ಳಲೇ?

ನಮ್ಮೂರ ಗದ್ದೆಯ ಬದುವಿನಲ್ಲಿ ಒಂದು ಶಾಸನದ ಕಲ್ಲಿದೆ. ಅದನ್ನು ಓದಬಲ್ಲವರೊಬ್ಬರು ಒಮ್ಮೆ ಬಂದು ಸುಣ್ಣ ಬಳಿದು ಓದಿ ಹೇಳಿದ್ದರು. ಯಾರೋ ಯಾರಿಗೋ ಭೂಮಿ ಬಿಟ್ಟದ್ದು, ಮೂಡಲಿಗೆ ಹಳ್ಳ, ತೆಂಕಲಿಗೆ ಬಂಡೆ ಎಂದು ನಾಲ್ಕು ದಿಕ್ಕಿನ ಗಡಿ, ಕೊನೆಗೆ ಇದಕ್ಕೆ ತಪ್ಪಿದವರಿಗೆ ಒಂದು ಭಯಂಕರ ಶಾಪ. ನನ್ನ ಕ್ರಯಪತ್ರವನ್ನು ಓದಿಸಿದಾಗ ಅದರ ನೆನಪಾಯಿತು. ಇಲ್ಲಿಯೂ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಹಿತ್ತಲು ಎಂದು ಚಕ್ಕುಬಂದಿ ಇತ್ತು. ಶಾಪ ಮಾತ್ರ ಇರಲಿಲ್ಲ, ಅದರ ಜಾಗದಲ್ಲಿ ನೋಂದಣಿ ಶುಲ್ಕವಿತ್ತು. ಸಾವಿರ ವರ್ಷದಿಂದ ಜನ ನೆಲವನ್ನು ಹೇಗೆ ಕೊಡಬೇಕು, ಹೇಗೆ ಅಳೆಯಬೇಕು ಎಂದೆಲ್ಲ ಬರೆದಿಟ್ಟಿದ್ದಾರೆ. ಕೊಟ್ಟ ಮನೆಗೆ ಹೋಗಿ ಬಾಡಿಗೆಯನ್ನು ಹೇಗೆ ಕೇಳಬೇಕು ಎಂದು ಮಾತ್ರ ಯಾವ ಕಲ್ಲಿನ ಮೇಲೂ ಬರೆದಿಲ್ಲ.

ಬಾಡಿಗೆಗೆ ಬಂದವರು ಗಿರಿಜ ಮತ್ತು ಅವಳ ಗಂಡ ಶಿವಣ್ಣ. ಆಲೂರು ತಾಲ್ಲೂಕಿನ ಕುಂದೂರು ಕಡೆಯ ರೈತರ ಮನೆಯವರು. ಶಿವಣ್ಣ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ, ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಶೆಡ್ಡು. ಗಿರಿಜ ಮನೆಯಲ್ಲಿ ಹೊಲಿಗೆ ಹಾಕುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳು, ಆಗಿನ್ನೂ ಚಿಕ್ಕವರು. ತಿಂಗಳಿಗೆ ಎಂಟುನೂರು ಬಾಡಿಗೆ, ಐದು ಸಾವಿರ ಅಡ್ವಾನ್ಸು, ಹನ್ನೊಂದು ತಿಂಗಳ ಕರಾರು. ಹನ್ನೊಂದೇ ಯಾಕೆ ಎಂದು ಕೇಳಿದ್ದಕ್ಕೆ, ಹನ್ನೆರಡಾದರೆ ಮತ್ತೆ ನೋಂದಣಿ ಎಂದರು. ಒಂದು ತಿಂಗಳು ಕಡಿಮೆ ಮಾಡಿಕೊಂಡು ಸರ್ಕಾರವನ್ನು ದೂರ ಇಡುವ ಈ ಉಪಾಯ ನನಗೆ ಬಹಳ ಹಿಡಿಸಿತು. ಆ ಕರಾರನ್ನು ಕೊನೆಯವರೆಗೂ ನಾವು ಹೊಸದು ಮಾಡಲಿಲ್ಲ.

ಈಗ ನಮ್ಮ ಕಡೆಯ ಒಂದು ವಿಷಯವನ್ನು ಹೇಳಬೇಕು. ತೋಟದವರಿಗೆ ಮನೆ ಕೊಡುವುದು ಗೊತ್ತು, ಬಾಡಿಗೆ ಗೊತ್ತಿಲ್ಲ. ತೋಟದ ಲೈನಿನಲ್ಲಿ ಆಳುಗಳಿಗೆ ಮನೆ ಕೊಡುತ್ತೇವೆ, ಹೆಂಚು ಒಡೆದರೆ ಹಾಕಿಸುತ್ತೇವೆ, ಸೌದೆ ಕೊಡುತ್ತೇವೆ, ಮಗು ಹುಟ್ಟಿದರೆ ಬಾಣಂತಿಗೆ ಅಕ್ಕಿ ಬೆಲ್ಲ ಕಳಿಸುತ್ತೇವೆ. ಅದಕ್ಕೆಲ್ಲ ದುಡಿಮೆ ಬರುತ್ತದೆಯೇ ಹೊರತು ಯಾರೂ ತಿಂಗಳ ಕೊನೆಗೆ ಬಾಗಿಲಿಗೆ ಹೋಗಿ ಕೈಯೊಡ್ಡುವುದಿಲ್ಲ. ನಮ್ಮ ಸೂರಿನ ಕೆಳಗೆ ಯಾರಾದರೂ ಇದ್ದರೆ ಅವರನ್ನು ನೋಡಿಕೊಳ್ಳಬೇಕಾದವರು ನಾವು ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗಾಗಿ ಮೊದಲ ತಿಂಗಳು ಬಾಡಿಗೆ ತರಲು ಹೊರಟಾಗ ಬರಿಗೈಲಿ ಹೋಗುವುದು ಹೇಗೆ ಎಂದು ಒಂದು ಚೀಲ ಕಿತ್ತಳೆ, ಮನೆಯಲ್ಲೇ ಹುರಿದ ಕಾಫಿಪುಡಿ, ಒಂದಿಷ್ಟು ಜೀರಿಗೆ ಮೆಣಸಿನಕಾಯಿ ಕಟ್ಟಿಕೊಂಡೆ. ಗಿರಿಜ ಅಕ್ಕಿರೊಟ್ಟಿ ತಟ್ಟಿದಳು. ನಾನು ತಿಂದೆ. ಮಕ್ಕಳ ಓದು, ಹೊಳೆಯ ನೀರು, ಅವಳ ತವರಿನ ಸುದ್ದಿ ಎಲ್ಲ ಆಯಿತು. ಐದು ಗಂಟೆಯ ಬಸ್ಸಿಗೆ ಎದ್ದು ಬಂದೆ.

ದುಡ್ಡು ಎಲ್ಲಿ ಎಂದು ಯಜಮಾನರು ಕೇಳಿದರು. ನಾನು ಕೇಳಲಿಲ್ಲ, ಅವಳು ಕೊಡಲಿಲ್ಲ ಎಂದೆ.

ಅವಳು ಕೊಡಬಾರದು ಎಂದಿದ್ದಳೆಂದಲ್ಲ. ದುಡ್ಡು ಡಬ್ಬಿಯಲ್ಲಿ ಎತ್ತಿಟ್ಟಿದ್ದಳಂತೆ. ಆದರೆ ಹಣ್ಣು ತಂದ ಕೈಗೆ ನೋಟು ಇಟ್ಟರೆ ಹಣ್ಣಿನ ಬೆಲೆ ಕೊಟ್ಟ ಹಾಗಾಗುತ್ತದೆ. ನಮ್ಮ ಕಡೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಇತ್ತ ನಾನು ರೊಟ್ಟಿ ತಿಂದ ಬಾಯಲ್ಲಿ ಬಾಡಿಗೆ ಕೇಳುವುದು ಹೇಗೆ? ಹೀಗೆ ಅವಳ ಮರ್ಯಾದೆ ಅವಳಿಗೆ, ನನ್ನ ಮರ್ಯಾದೆ ನನಗೆ. ಎರಡು ಮರ್ಯಾದೆಗಳ ನಡುವೆ ಬಾಡಿಗೆ ಡಬ್ಬಿಯಲ್ಲೇ ಕೂತಿತು, ಆಮೇಲೆ ಮಕ್ಕಳ ಫೀಸಿಗೆ ಖರ್ಚಾಯಿತು. ಬರಿಗೈಲಿ ಹೋಗಿದ್ದರೆ ಎಲ್ಲ ಸರಿಯಾಗುತ್ತಿತ್ತು ಎಂದು ನೀವು ಹೇಳಬಹುದು. ನಮ್ಮ ಊರಿನಲ್ಲಿ ಹುಟ್ಟಿದವರು ಹಾಗೆ ಹೇಳುವುದಿಲ್ಲ.

ಹಾಗೆಂದು ಬಾಡಿಗೆ ಬರಲೇ ಇಲ್ಲ ಎಂದರೆ ತಪ್ಪಾಗುತ್ತದೆ. ಶಿವಣ್ಣನಿಗೂ ತಿಂಗಳ ಸಂಬಳವಿರಲಿಲ್ಲ. ಅವನು ರಿಪೇರಿ ಮಾಡುತ್ತಿದ್ದದ್ದು ನಮ್ಮಂಥ ತೋಟದವರ ಪಂಪುಗಳನ್ನು. ತೋಟದವರು ದುಡ್ಡು ಕೊಡುವುದು ಕಾಫಿ ಮಾರಿದ ಮೇಲೆ, ವರ್ಷಕ್ಕೊಮ್ಮೆ. ಆಗ ಅವನು ಯಜಮಾನರನ್ನು ಪೇಟೆಯಲ್ಲಿ ಹಿಡಿದು ಒಂದು ಗಂಟು ಕೊಡುತ್ತಿದ್ದ. ಅದು ಹನ್ನೆರಡು ತಿಂಗಳಿನದೋ ಎಂಟು ತಿಂಗಳಿನದೋ ಎಂದು ಯಜಮಾನರು ಕೇಳುತ್ತಿರಲಿಲ್ಲ. ಕೇಳಲು ಅವರಿಗೂ ಬಾಯಿರಲಿಲ್ಲ, ಯಾಕೆಂದರೆ ನಮ್ಮ ಪಂಪಿನ ರಿಪೇರಿಯ ದುಡ್ಡು ಎರಡು ವರ್ಷದಿಂದ ಅವನಿಗೆ ಕೊಡುವುದಿತ್ತು. ಇದ್ದ ಬಾಡಿಗೆಯನ್ನೇ ಕೇಳಲಾರದವರು ಅದನ್ನು ಏರಿಸುವುದು ಎಲ್ಲಿಂದ ಬಂತು? ಎಂಟುನೂರು ಎಂಟುನೂರಾಗಿಯೇ ಉಳಿಯಿತು.

ಒಂದು ಯುಗಾದಿಯ ಮಧ್ಯಾಹ್ನ, ಹೋಳಿಗೆ ತಿಂದು ಹಗುರಾದ ಮನಸ್ಸಿನಲ್ಲಿದ್ದ ಯಜಮಾನರು ಕಂದಾಯ, ಸುಣ್ಣಬಣ್ಣ, ಒಡೆದ ಹೆಂಚು, ನಾನು ಹೋಗಿಬರುವ ಖರ್ಚು, ಕಿತ್ತಳೆ ಮತ್ತು ಕಾಫಿಪುಡಿ ಎಲ್ಲವನ್ನೂ ಬಾಯಲ್ಲೇ ಕೂಡಿ ಕಳೆದು ನೋಡಿದರು. ಕೊನೆಗೆ, ‘ಆ ಮನೇಲಿ ಇರಕ್ಕೆ ಅವರಿಗೆ ನಾವೇ ಸಂಬಳ ಕೊಡ್ತಾ ಇದೀವಿ ಕಣೆ ಮಾರಾಯ್ತಿ’ ಎಂದರು. ಬ್ಯಾಂಕಿನಲ್ಲಿ ಇಟ್ಟಿದ್ದರೆ ಬ್ಯಾಂಕಿನ ಹೆಂಚು ಒಡೆದಾಗ ನಾವು ಹೋಗಿ ಹೊಂದಿಸಬೇಕಾಗಿರಲಿಲ್ಲ ಎಂಬುದು ಅವರ ವಾದ. ನಾನು ಸೋಲಲಿಲ್ಲ. ಮನೆಯ ಬೆಲೆ ಏರಿದೆಯಲ್ಲ ಎಂದೆ. ಅದು ಮಾರಿದಾಗ ತಾನೇ ಎಂದರು. ಮಾರಲು ಯಾರು ಕೊಂಡಿದ್ದಾರೆ ಎಂದೆ. ಅವರು ಇನ್ನೊಂದು ಹೋಳಿಗೆ ಕೇಳಿದರು.

ಮದುವೆಮನೆಗಳಲ್ಲಿ ಸಿಗುವ ನೆಂಟರಲ್ಲಿ ಮನೆ ಬಾಡಿಗೆಗೆ ಕೊಟ್ಟವರು ಇದ್ದೇ ಇರುತ್ತಾರೆ. ಅವರಿಗೆಲ್ಲ ಹೇಳಿಕೊಳ್ಳಲು ಒಂದೊಂದು ಕಥೆ. ನಲ್ಲಿ ಸೋರುತ್ತದೆ ಎಂದು ನಡುರಾತ್ರಿ ಫೋನು ಮಾಡುವವರು, ಗೋಡೆಗೆಲ್ಲ ಮೊಳೆ ಹೊಡೆಯುವವರು, ಖಾಲಿ ಮಾಡಿ ಎಂದರೆ ಕೋರ್ಟಿಗೆ ಹೋಗುವವರು. ನಾನು ಎಲ್ಲ ಕೇಳಿಸಿಕೊಂಡು, ನಮ್ಮವರು ಬಂದು ಏಳು ವರ್ಷವಾಯಿತು, ಇದುವರೆಗೂ ಒಂದು ದೂರಿಲ್ಲ ಎನ್ನುತ್ತಿದ್ದೆ. ನೀನು ಪುಣ್ಯ ಮಾಡಿದ್ದೆ ಎನ್ನುತ್ತಿದ್ದರು ಅವರು. ಪುಣ್ಯವಲ್ಲ, ನನ್ನ ಒಳ್ಳೆಯತನ ಎಂದು ನಾನು ಒಳಗೊಳಗೇ ತಿದ್ದಿಕೊಳ್ಳುತ್ತಿದ್ದೆ.

ಇಷ್ಟರಲ್ಲಿ ನನ್ನ ಮೈದುನ ತನ್ನ ಪಾಲಿನ ತೋಟವನ್ನು ಮಾರುತ್ತೇನೆ ಎಂದ. ಅವನು ಹಾಸನದಲ್ಲಿ ವ್ಯಾಪಾರಕ್ಕೆ ಇಳಿದಿದ್ದ, ಅಲ್ಲಿಗೆ ದುಡ್ಡು ಬೇಕಿತ್ತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಪಾಲಾಗುವಾಗ ಕೆರೆ ಅವನ ಕಡೆಗೆ ಬಿದ್ದಿತ್ತು. ಫೆಬ್ರವರಿ ಮಾರ್ಚಿನಲ್ಲಿ ಮಳೆ ಕೈಕೊಟ್ಟರೆ ರೊಬಸ್ಟ ಕಾಫಿ ಗಿಡ ಹೂ ಬಿಡಲೆಂದು ನಾವು ಸ್ಪ್ರಿಂಕ್ಲರ್ ಹಾಕುತ್ತಿದ್ದದ್ದು ಆ ಕೆರೆಯಿಂದಲೇ. ಅಣ್ಣತಮ್ಮಂದಿರ ನಡುವೆ ನೀರಿಗೆ ಲೆಕ್ಕವಿರಲಿಲ್ಲ. ಆಗ ಹೊರಗಿನವರು ನಮ್ಮ ಗುಡ್ಡಗಳಲ್ಲಿ ಹೋಂಸ್ಟೇ ಮಾಡಲು ಜಾಗ ಹುಡುಕಿಕೊಂಡು ಬರತೊಡಗಿದ್ದ ಕಾಲ. ಕೆರೆ ಇದೆ ಎಂದರೆ ಅವರು ದೋಣಿ ಬಿಡುವ ಮಾತಾಡುತ್ತಿದ್ದರು. ದೋಣಿ ಬಿಟ್ಟವರು ಪಂಪು ಬಿಡುತ್ತಾರೆಯೇ? ಮೈದುನ ಒಳ್ಳೆಯವನು. ಯುಗಾದಿಯ ಹೊತ್ತಿಗೆ ನೀವೇ ಕೊಂಡರೆ ನಿಮಗೇ, ಅವರು ಕೊಡುವುದಕ್ಕಿಂತ ಒಂದಿಷ್ಟು ಕಡಿಮೆಗೇ ಕೊಡುತ್ತೇನೆ ಎಂದ. ನಮ್ಮ ಹತ್ತಿರ ಮಾರಲು ಇದ್ದದ್ದು ಒಂದೇ ಒಂದು, ಸಕಲೇಶಪುರದ ನನ್ನ ಮನೆ.

ಯಜಮಾನರು ಬಾಯಿಬಿಟ್ಟು ಕೇಳಲಿಲ್ಲ. ಮೆಣಸಿನ ದುಡ್ಡಿಗೆ ಕೈಹಾಕಬಾರದು ಎಂಬುದು ಅವರಿಗೆ ಗೊತ್ತಿತ್ತು. ನಾನೇ ಹೇಳಿದೆ, ಮಾರೋಣ, ಆದರೆ ಕೆರೆಯ ಪಾಲು ನನ್ನ ಹೆಸರಿಗೇ ಆಗಬೇಕು ಎಂದು. ಒಪ್ಪಿದರು. ಬ್ರೋಕರ್ ಮಂಜಣ್ಣನನ್ನು ಕರೆಸಿದೆವು. ಅವನು ಮನೆಯ ಮುಂದೆ ನಿಂತು, ರಸ್ತೆಯ ಅಗಲ ಹೆಜ್ಜೆಯಲ್ಲಿ ಅಳೆದು, ಒಳ್ಳೆಯ ಬೆಲೆಯನ್ನೇ ಹೇಳಿದ. ಆಮೇಲೆ, ‘ಜನ ಇರೋ ಮನೆಗೆ ಬೆಲೆ ಕಮ್ಮಿ ಕಣಮ್ಮ. ಖಾಲಿ ಮಾಡ್ಸಿ ಬೀಗ ಕೈಗೆ ಕೊಡಿ, ಮಿಕ್ಕಿದ್ದು ನಾನ್ ನೋಡ್ಕತೀನಿ’ ಎಂದ. ಜನರಿದ್ದ ಹಾಗೇ ಮಾರಿದರೆ ಬರುವ ದುಡ್ಡು ಕೆರೆಗೆ ಸಾಲುತ್ತಿರಲಿಲ್ಲ. ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಏಳೆಂಟು ವರ್ಷದಿಂದ ಬಾಡಿಗೆ ಕೊಡು ಎಂದು ಕೇಳಲಾರದವಳು ಈಗ ಮನೆ ಬಿಡು ಎಂದು ಕೇಳಬೇಕಿತ್ತು. ಅದೂ ಅವಳ ದೊಡ್ಡ ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದ ವರ್ಷ.

ಮೊದಲ ಸಲ ಹೋದಾಗ ಹುಡುಗಿ ಜಗಲಿಯಲ್ಲಿ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಆ ದನಿ ಕೇಳಿ, ಅವಳಿಗೊಂದು ಕಿತ್ತಳೆ ಸುಲಿದು ಕೊಟ್ಟು ವಾಪಸು ಬಂದೆ. ಎರಡನೆಯ ಸಲ ಗಿರಿಜಳ ಅತ್ತೆ ಊರಿನಿಂದ ಬಂದಿದ್ದರು. ಆ ಮುದುಕಿ ನನ್ನ ಎರಡೂ ಕೈ ಹಿಡಿದುಕೊಂಡು, ಪೇಟೆಯಲ್ಲಿ ನನ್ನ ಮಕ್ಕಳಿಗೆ ತಾಯಿಯ ಹಾಗೆ ಇದೀರಿ ಎಂದುಬಿಟ್ಟಿತು. ತಾಯಿಯಾದವಳಿಗೆ ಅದೇ ಬಾಯಲ್ಲಿ ನೋಟೀಸು ಕೊಡಲು ಆಗುತ್ತದೆಯೇ? ಮೂರನೆಯ ಸಲ ಹಾನುಬಾಳಿನಿಂದ ಬಸ್ಸು ಹತ್ತಿದವಳು ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿದೆ. ‘ಗಿರಿಜ, ತಪ್ಪು ತಿಳೀಬೇಡ, ಒಂದು ವಿಷಯ’ ಎಂದು ಶುರುಮಾಡಿ ಕೊನೆಯವರೆಗೆ. ನನ್ನ ತುಟಿ ಆಡುವುದನ್ನು ನೋಡಿದ ಪಕ್ಕದ ಸೀಟಿನ ಹೆಂಗಸು ಅದು ಯಾವ ದೇವರ ಸ್ತೋತ್ರ ಎಂದು ಕೇಳಿದಳು. ಅವತ್ತು ‘ಒಂದು ವಿಷಯ’ದವರೆಗೆ ಹೇಳಿದೆ. ಏನಕ್ಕ ಎಂದು ಗಿರಿಜ ಕಣ್ಣರಳಿಸಿ ನೋಡಿದಳು. ಈ ಸಲ ಕಿತ್ತಳೆ ಸ್ವಲ್ಪ ಹುಳಿ ಎಂದು ಹೇಳಿ ಎದ್ದು ಬಂದೆ. ಬಸ್ಸಿನಲ್ಲಿ ನನ್ನ ಮೇಲೆ ನನಗೇ ಸಿಟ್ಟು ಬಂತು, ಅಳುವೂ ಬಂತು. ಯುಗಾದಿ ಹತ್ತಿರ ಬರುತ್ತಿತ್ತು.

ನಾಲ್ಕನೆಯ ಸಲ ನಾನು ಜಗಲಿ ಹತ್ತುತ್ತಿದ್ದಂತೆ ಗಿರಿಜ ಹುಡುಗಿಯರನ್ನು ಅಂಗಡಿಗೆ ಕಳಿಸಿದಳು. ಕಾಫಿ ತಂದು ಕೊಟ್ಟಳು, ಎದುರಿಗೆ ನೆಲದ ಮೇಲೆ ಕೂತಳು.

‘ಅಕ್ಕ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನಾವು ಬ್ಯಾರೆ ಮನೆ ನೋಡ್ಕಂಡಿದೀವಿ. ದೊಡ್ಡೋಳ ಪರೀಕ್ಷೆ ಮುಗೀತಿದ್ದಂಗೆ ಹೋಗ್ಬುಡ್ತೀವಿ’ ಎಂದಳು.

ಯಾರು ಹೇಳಿದರು ಎಂದು ನಾನು ಕೇಳಬೇಕಾಗಿ ಬರಲಿಲ್ಲ. ಅವಳೇ ಹೇಳಿದಳು. ಮಂಜಣ್ಣ ಎರಡು ಸಲ ಯಾರನ್ನೋ ಕರೆದುಕೊಂಡು ಬಂದು ರಸ್ತೆಯ ಆಚೆ ನಿಂತು ಕೈತೋರಿಸಿ ಮಾತಾಡಿದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಮೂರು ಸಲವೂ ನಾನು ಯಾಕೆ ಬಂದಿದ್ದೆ ಎಂಬುದು ಅವಳಿಗೆ ಗೊತ್ತಿತ್ತು.

‘ನೀವು ಬರ್ತಿದ್ರಿ, ಕಾಫಿ ಕುಡ್ಯೋ ಶಾಸ್ತ್ರ ಮಾಡ್ತಿದ್ರಿ, ಹಂಗೇ ಹೋಗ್ತಿದ್ರಿ. ನಿಮ್ ಮುಖ ನೋಡಕ್ಕಾಗ್ತಿರ್ಲಿಲ್ಲ ಕಣಕ್ಕ. ಇದೊಂದು ಮಾತು ನಿಮ್ ಬಾಯಲ್ಲಿ ಆಡಿಸ್ಬಾರ್ದು ಅಂತ ಇವ್ರೂ ನಾನೂ ಮಾತಾಡ್ಕಂಡು ಮನೆ ಹುಡುಕಿದ್ವಿ.’

ನಾನು ಅತ್ತುಬಿಟ್ಟೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಯಾರ ಮನೆಯ ಜಗಲಿ ಎಂಬುದನ್ನೂ ಮರೆತು ಅತ್ತೆ. ಸಮಾಧಾನ ಮಾಡಿದವಳು ಮನೆ ಬಿಡುತ್ತಿದ್ದವಳು. ಸರಿಯಾಗಿ ನೋಡಿದರೆ ಅವತ್ತು ಅಳಬೇಕಾದವಳು ಅವಳಾಗಿದ್ದಳು, ಆದರೆ ಅದಕ್ಕೂ ನಾನು ಜಾಗ ಬಿಡಲಿಲ್ಲ.

ಪರೀಕ್ಷೆ ಮುಗಿಯಿತು, ಅವರು ಹೋದರು. ಹೋಗುವ ದಿನ ಅಡ್ವಾನ್ಸಿನ ಐದು ಸಾವಿರ ಕೊಡಲು ಹೋದರೆ ಗಿರಿಜ ತೆಗೆದುಕೊಳ್ಳಲಿಲ್ಲ, ಬಾಡಿಗೆ ಬಾಕಿ ಅದಕ್ಕಿಂತ ಹೆಚ್ಚಿದೆ ಎಂದಳು. ನಾನು ಅವಳ ಕೈಗೆ ತುರುಕಿದೆ, ಅವಳು ನನ್ನ ಚೀಲಕ್ಕೆ ತುರುಕಿದಳು. ಸಾಮಾನು ತುಂಬಿದ ಗಾಡಿಯ ಪಕ್ಕ ಇಬ್ಬರು ಹೆಂಗಸರು ದುಡ್ಡಿಗಾಗಿ ಎಳೆದಾಡುವುದನ್ನು ನೋಡಿ ಬೀದಿಯವರು ಏನೋ ದೊಡ್ಡ ಜಗಳ ಎಂದುಕೊಂಡರು. ಕೊನೆಗೆ ಶಿವಣ್ಣ ನಡುವೆ ಬಂದು, ಯಜಮಾನರು ಕೊಡಬೇಕಾದ ಪಂಪಿನ ದುಡ್ಡು, ತಾವು ಕೊಡಬೇಕಾದ ಬಾಡಿಗೆ ಎಲ್ಲವನ್ನೂ ವಜಾ ಹಾಕಿ, ಆ ಐದು ಸಾವಿರದಲ್ಲಿ ಅರ್ಧವನ್ನು ನಮಗೆ ಉಳಿಸಿ ಅರ್ಧವನ್ನು ತಾನು ಇಟ್ಟುಕೊಂಡ. ಅವನ ಲೆಕ್ಕ ಸರಿಯೋ ತಪ್ಪೋ ಯಾರೂ ನೋಡಲಿಲ್ಲ.

ಮನೆ ಒಳ್ಳೆಯ ಬೆಲೆಗೇ ಹೋಯಿತು. ತೆರಿಗೆಯ ಲೆಕ್ಕಕ್ಕೆಂದು ಹಾಸನದ ಆಡಿಟರ್ ಹತ್ತಿರ ಹೋದಾಗ ಅವರು ನನ್ನ ಹಳೆಯ ಕ್ರಯಪತ್ರ ನೋಡಿ, ಕೊಂಡ ಬೆಲೆ ಪೂರ್ತಿ ಬರೆಸಿದ್ದೀರಲ್ಲ, ಅರ್ಧ ಬರೆಸಿದ್ದರೆ ಈಗ ಉಳಿದರ್ಧವೂ ಲಾಭ ಎಂದಾಗಿ ಅದಕ್ಕೂ ತೆರಿಗೆ ಕಟ್ಟಬೇಕಾಗಿತ್ತು ಎಂದರು. ಯಜಮಾನರು ನನ್ನ ಕಡೆ ನೋಡಿದರು. ನಾನು ಮುಂದಾಲೋಚನೆ ಇದ್ದವಳ ಹಾಗೆ ಮುಖ ಮಾಡಿಕೊಂಡೆ. ಯುಗಾದಿ ದಾಟಿದ್ದರೂ ಮೈದುನ ತಾಳಿಕೊಂಡಿದ್ದ, ಅವನ ಪಾಲು ನನ್ನ ಹೆಸರಿಗಾಯಿತು. ಈಗ ಯಜಮಾನರು ಕಾಫಿಗೆ ನೀರು ಹೊಡೆಯುವುದು ನನ್ನ ಕೆರೆಯಿಂದ. ನೀರಿಗೆ ಬಾಡಿಗೆ ಕೇಳಬಹುದಲ್ಲ ಎಂದು ಅತ್ತೆ ಒಮ್ಮೆ ತಮಾಷೆ ಮಾಡಿದರು. ಅದನ್ನೂ ನಾನು ಕೇಳಿಲ್ಲ.

ಆಷಾಢದಲ್ಲಿ ಒಂದು ದಿನ ಪೇಟೆಗೆ ಹೋದವಳು ಗಿರಿಜಳ ಹೊಸ ಮನೆಗೆ ಹೋದೆ. ನಮ್ಮ ಮನೆಗಿಂತ ಚಿಕ್ಕದು, ಬಾಡಿಗೆ ನಮ್ಮದರ ಎರಡರಷ್ಟು. ಮನೆಯ ಒಡೆಯರು ಪ್ರತಿ ತಿಂಗಳೂ ಐದನೆಯ ತಾರೀಕು ಬಾಗಿಲಲ್ಲಿ ನಿಂತು ದುಡ್ಡು ಎಣಿಸಿಕೊಂಡು ಹೋಗುತ್ತಾರಂತೆ, ಒಳಗೆ ಬಂದು ಕೂರುವುದೂ ಇಲ್ಲವಂತೆ. ಎಂಥವರ ಕೈಗೆ ಸಿಕ್ಕಿಬಿಟ್ಟಳಲ್ಲ, ಎಲ್ಲ ನನ್ನಿಂದ ಎಂದುಕೊಂಡೆ. ಗಿರಿಜ ಮಾತ್ರ ಮುಂದಿನ ಕೋಣೆಯಲ್ಲಿ ಮೆಷಿನ್ನಿನ ಮುಂದೆ ಕೂತು, ಹೊರಗೆ ಸುರಿಯುವ ಮಳೆಯನ್ನು ಲೆಕ್ಕಿಸದೆ, ಯಾರದೋ ರೇಷ್ಮೆ ರವಿಕೆ ಹೊಲಿಯುತ್ತಿದ್ದಳು. ನಮ್ಮ ಮನೆಯಲ್ಲಿದ್ದಾಗ ಮಳೆಗಾಲ ಬಂದರೆ ಆ ಮೆಷಿನ್ನು ಅಡುಗೆಮನೆಗೆ ಹೋಗುತ್ತಿತ್ತು. ಒಲೆಯ ಬದಿ ಬೆಚ್ಚಗಿರುತ್ತದೆ ಎಂದು ಅಲ್ಲಿ ಹಾಕಿಕೊಳ್ಳುತ್ತಾಳೆ ಎಂದು ನಾನು ತಿಳಿದಿದ್ದೆ. ಹಾಗೆಂದೆ.

ಅವಳು ನಕ್ಕಳು. ನಮ್ಮ ಮನೆಯ ಮುಂದಿನ ಕೋಣೆಯ ಗೋಡೆ ಮಳೆಗಾಲ ಪೂರ್ತಿ ನೀರು ಜಿನುಗುತ್ತಿತ್ತಂತೆ. ಒಂದು ವರ್ಷ ಯಾರದೋ ಮದುವೆಯ ರವಿಕೆಗೆ ಬೂಷ್ಟು ಹಿಡಿದು ಅವಳೇ ಬಟ್ಟೆಯ ದುಡ್ಡು ಕಟ್ಟಿಕೊಟ್ಟಿದ್ದಳಂತೆ. ಅಲ್ಲಿಂದ ಮುಂದೆ ಪ್ರತಿ ವರ್ಷ ನಾಲ್ಕು ತಿಂಗಳು ಅಡುಗೆಮನೆಯ ಹೊಗೆಯಲ್ಲಿ ಕೂತು ಹೊಲಿಗೆ. ಈ ಮನೆಯ ಗೋಡೆಯೂ ಮೊದಲ ಮಳೆಗೆ ಜಿನುಗಿತಂತೆ. ಐದನೆಯ ತಾರೀಕು ಬಾಡಿಗೆ ಕೈಗೆ ಕೊಟ್ಟು, ಗೋಡೆ ತೋರಿಸಿ, ಸರಿ ಮಾಡಿಸಿ ಎಂದು ಹೇಳಿದಳಂತೆ. ಆ ಮನುಷ್ಯ ಗೊಣಗಿಕೊಂಡು ಹೋಗಿ ಒಂದು ವಾರದಲ್ಲಿ ಸಿಮೆಂಟು ಹಾಕಿಸಿದ.

‘ನನಗೆ ಯಾಕೆ ಒಂದು ಮಾತು ಹೇಳಲಿಲ್ಲ?’ ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಗಿರಿಜ ದಾರ ಕಚ್ಚಿ ಕತ್ತರಿಸಿದಳು. ‘ಹೆಂಗ್ ಹೇಳ್ಲಿ ಅಕ್ಕ? ನೀವು ಬಾಕಿ ಕೇಳ್ಲಿಲ್ಲ, ಬಾಡಿಗೆ ಏರಿಸ್ಲಿಲ್ಲ, ಮ್ಯಾಲೆ ಹಣ್ಣು ಬ್ಯಾರೆ ತರ್ತಿದ್ರಿ. ಗೋಡೆ ರಿಪೇರಿ ಮಾಡ್ಸಿ ಅಂತ ನಾನು ಯಾವ್ ಬಾಯಲ್ಲಿ ಕೇಳ್ಲಿ?’

ಬಡ್ಡಿ, ಕಂದಾಯ, ಹೆಂಚು, ಬಸ್ಸಿನ ಖರ್ಚು ಎಲ್ಲವನ್ನೂ ನಮ್ಮ ಮನೆಯಲ್ಲಿ ಕೂಡಿ ಕಳೆದು ನೋಡಿದ್ದರು. ನನ್ನ ಒಳ್ಳೆಯತನಕ್ಕೆ ಅವಳು ಇಷ್ಟು ವರ್ಷ ಕಟ್ಟಿದ ಬಾಡಿಗೆ ಯಾರ ಲೆಕ್ಕದಲ್ಲೂ ಇರಲಿಲ್ಲ. ಇವತ್ತು ಅವಳು ನನಗೆ ಏನೂ ಕೊಡಬೇಕಾಗಿಲ್ಲ, ಅದಕ್ಕೇ ಹೇಳುತ್ತಿದ್ದಾಳೆ ಎಂಬುದೂ ತಿಳಿಯಿತು. ಮೊದಲು ನಾಚಿಕೆಯಾಯಿತು, ಆಮೇಲೆ ಯಾಕೋ ಮನಸ್ಸು ಹಗುರವಾಯಿತು. ಕಾಫಿಯ ಲೋಟ ಕೆಳಗಿಟ್ಟು, ಕಾಲು ಮಡಿಸಿ ಸರಿಯಾಗಿ ಕೂತು, ಆ ಮನೆಯಲ್ಲಿ ಇನ್ನೇನೇನು ತೊಂದರೆ ಇತ್ತು, ಒಂದೂ ಬಿಡದೆ ಹೇಳು ಎಂದೆ.

ಅವಳು ಮೆಷಿನ್ನು ನಿಲ್ಲಿಸಿ, ನಾನು ನಿಜವಾಗಿ ಕೇಳುತ್ತಿದ್ದೇನೋ ಬಾಯಿಮಾತಿಗೆ ಕೇಳುತ್ತಿದ್ದೇನೋ ಎಂದು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು.

‘ಹಂಗಾದ್ರೆ ಬಚ್ಚಲ ಬಾಗ್ಲಿಂದ ಶುರು ಮಾಡ್ತೀನಿ’ ಎಂದಳು.